ಎಂಟು ಗಂಟೆಯ ಮಳೆಪಟ್ಟಿ

ಮೂರ್ನಾಡಿನ ಬಸ್‌ಸ್ಟ್ಯಾಂಡಿನಿಂದ ನಾಲ್ಕನೆಯ ಅಂಗಡಿ ನನ್ನದು. ಬೋರ್ಡಿನ ಮೇಲೆ ಕಂಪ್ಯೂಟರ್ ರಿಪೇರಿ, ಜೆರಾಕ್ಸ್, ಲ್ಯಾಮಿನೇಷನ್ ಎಂದು ಬರೆದಿದೆ. ಇಲ್ಲಿ ನೆಟ್‌ವರ್ಕ್ ಡೀಮನ್ ಎಂಬ ಪ್ರೋಗ್ರಾಂ ಬರೆದುಕೊಡಲಾಗುತ್ತದೆ ಎಂದು ಎಲ್ಲಿಯೂ ಬರೆದಿಲ್ಲ. ಆದರೂ ಒಂದು ಚಳಿಗಾಲವಿಡೀ ನಾನು ಗಿರಾಕಿಗಳ ಪ್ರಿಂಟರ್‌ಗಳನ್ನು ಮೂಲೆಗೆ ತಳ್ಳಿ ಅದನ್ನೇ ಬರೆಯುತ್ತಾ ಕೂತೆ. ಅದಕ್ಕೆ ಕಾರಣ ನನ್ನ ಚಿಕ್ಕಮ್ಮ. ಆಕೆ ಇದನ್ನು ಈಗಲೂ ಒಪ್ಪುವುದಿಲ್ಲ.

ಮೊದಲು ಮಳೆಯ ವಿಷಯ ಹೇಳಬೇಕು. ನಮ್ಮ ಕಡೆ ನಾಲ್ಕು ಕಾಫಿ ಗಿಡ ಇರುವ ಮನೆಯ ಅಂಗಳದಲ್ಲೂ ಒಂದು ಮಳೆಮಾಪಕ ಇರುತ್ತದೆ. ಮಳೆ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅದರ ನೀರನ್ನು ಅಳೆಯುವುದು ಪೂಜೆಗಿಂತ ಕಟ್ಟುನಿಟ್ಟಾಗಿ ನಡೆಯುತ್ತದೆ. ಅಳತೆ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರ್ ಎಂದವರನ್ನು ಎಲ್ಲರೂ ಒಂದು ಥರ ನೋಡುತ್ತಾರೆ. ಸುತ್ತಿನ ಮನೆಗಳಲ್ಲಿ ಕೊಡವ ತಕ್ಕ್ ಆಡುವವರಿದ್ದಾರೆ, ಅರೆಭಾಷೆಯವರಿದ್ದಾರೆ, ಮಲಯಾಳದವರಿದ್ದಾರೆ, ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದ ನಮ್ಮಂಥವರೂ ಇದ್ದೇವೆ. ಸೆಂಟು ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನೊಂದು ವಿಷಯವೂ ಎಲ್ಲರಿಗೂ ಸಮಾನ. ತಮ್ಮ ಅಂಗಳಕ್ಕೆ ಬಿದ್ದ ಮಳೆಯನ್ನು ತಾವೇ ಸುರಿಸಿದಂತೆ ಜಂಭ ಪಡುವುದು. ನಿಮಗೆಷ್ಟು ಎಂದು ಕೇಳಿ ನೋಡಿ. ಎಂಬತ್ತು ಸೆಂಟ್ ಬಂದವರು ನೆಲ ನೋಡುತ್ತಾ ಹೇಳುತ್ತಾರೆ, ಒಂದೂ ಕಾಲು ಇಂಚು ಬಂದವರು ಕೇಳುವ ಮೊದಲೇ ಹೇಳುತ್ತಾರೆ.

ಈ ಜಂಭಕ್ಕೆ ಬೆಲೆ ತೆರಬೇಕಾಗುವುದು ಮಾರ್ಚ್ ತಿಂಗಳಿನ ಹೂಮಳೆಯಲ್ಲಿ. ರೋಬಸ್ಟಾ ಕಾಫಿ ಗಿಡಕ್ಕೆ ಆ ಹೊತ್ತಿಗೆ ಒಂದು ಇಂಚಾದರೂ ಮಳೆ ಬೇಕು. ಅರ್ಧಂಬರ್ಧ ಬಿದ್ದರೆ ಮೊಗ್ಗು ಅರಳಲೂ ಆಗದೆ ಇರಲೂ ಆಗದೆ ಕರಕಲಾಗುತ್ತದೆ. ಆಗ ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಮಳೆಯ ಕೊರತೆ ತುಂಬಬೇಕು. ನಮ್ಮ ಐವತ್ತೆಂಟು ಮನೆಗಳ ಗುಂಪಿಗೆ ಇರುವುದು ಒಂದೇ ಜೊತೆ ಸ್ಪ್ರಿಂಕ್ಲರ್ ಪೈಪು, ಒಂದೇ ಪಂಪು. ಅದಕ್ಕೇ ಹಿಂದಿನಿಂದಲೂ ಒಂದು ಕಟ್ಟುಪಾಡು ಇದೆ. ಎಂಟಕ್ಕೆ ಅಳತೆ, ಒಂಬತ್ತಕ್ಕೆ ಪಟ್ಟಿ. ಪಟ್ಟಿಯಲ್ಲಿ ಯಾರಿಗೆ ಎಲ್ಲಕ್ಕಿಂತ ಕಡಿಮೆಯೋ ಅವರ ತೋಟಕ್ಕೆ ಪೈಪು ಮೊದಲು. ಎರಡನೆಯವರಿಗೆ, ಹೆಚ್ಚೆಂದರೆ ಮೂರನೆಯವರಿಗೆ ಸಿಗಬಹುದು. ಅಷ್ಟರಲ್ಲಿ ಉಳಿದವರ ಮೊಗ್ಗಿನ ಕಥೆ ಮುಗಿದಿರುತ್ತದೆ.

ಆ ಪೈಪುಗಳ ಉಸ್ತುವಾರಿ ನನ್ನ ಚಿಕ್ಕಪ್ಪನದು. ಪಿಕಪ್‌ಗೆ ಹೇರುವುದು, ಯಾರದೋ ತೋಟದಲ್ಲಿ ಇಳಿಸುವುದು, ಜೋಡಿಸುವುದು, ಸೋರುವ ಕಡೆ ಹಳೆಯ ಟ್ಯೂಬು ಸುತ್ತುವುದು ಎಲ್ಲವೂ ಅವರೇ. ಇಷ್ಟು ವರ್ಷದಲ್ಲಿ ಅವರು ಹೂ ಬಿಡಿಸಿಕೊಟ್ಟ ತೋಟಗಳಿಗೆ ಲೆಕ್ಕವಿಲ್ಲ. ಆದರೆ ಅವರದೇ ಮೂರು ಎಕರೆ ರೋಬಸ್ಟಾ ಒಂದು ವರ್ಷವೂ ನೆಟ್ಟಗೆ ಹೂ ಬಿಟ್ಟಿರಲಿಲ್ಲ. ಪಟ್ಟಿಯ ಪ್ರಕಾರ ಅವರಿಗೆ ಯಾವಾಗಲೂ ಒಳ್ಳೆಯ ಮಳೆ. ಹಾಗಾಗಿ ಅವರು ಮಣ್ಣನ್ನು ಬೈದರು, ಮಣ್ಣು ಪರೀಕ್ಷೆ ಮಾಡಿಸಿದರು, ನೆರಳು ಕಡಿಸಿದರು, ಸುಣ್ಣ ಹಾಕಿಸಿದರು. ಪ್ರತಿ ಮಾರ್ಚಿನಲ್ಲೂ ನನ್ನ ಅಂಗಡಿಗೆ ಬಂದು ಅದೇ ಮಾತು.

"ಈ ಸಲ ಆದ್ರೂ ಒಂದ್ಸಲ ನಮ್ ತೋಟ ಹೂ ಬಿಟ್ಟು ಬೆಳ್ಳಗಾಗೋದು ನೋಡ್ಬೇಕು ಕಣಮ್ಮಾ. ಅರವತ್ತೆಂಟಾಯ್ತು ನಂಗೆ."

ಆ ಪಟ್ಟಿಯನ್ನು ಮಳೆಪುಸ್ತಕದಲ್ಲಿ ಬರೆಯುತ್ತಿದ್ದವಳು ಚಿಕ್ಕಮ್ಮ. ಆಕೆಯ ಮನೆಯ ಲ್ಯಾಂಡ್‌ಲೈನ್ ಇದ್ದಷ್ಟು ಕಾಲ ಐವತ್ತೇಳು ಮನೆಯವರು ಆಕೆಗೆ ಫೋನ್ ಮಾಡಿ ಮಳೆ ಹೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ಮರ ಬಿದ್ದು ತಂತಿ ಹೋಯಿತು, ಮತ್ತೆ ಬರಲೇ ಇಲ್ಲ. ಮೊಬೈಲಿಗೆ ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ. ಚಿಕ್ಕಮ್ಮ ಹತ್ತಲು ಹೊರಟಿದ್ದಳು, ಸೊಸೆ ಕಾಲು ಹಿಡಿದು ಎಳೆದಳು. ಕೊನೆಗೆ ಗುಂಪಿನವರೆಲ್ಲ ಸೇರಿ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ನನಗೆ ವಹಿಸಿದರು.

ಚಿಕ್ಕಮ್ಮನಿಗೆ ಹೊಟ್ಟೆ ಉರಿಯಿತು. ಎಲ್ಲರೆದುರಿಗೇ ಒಂದು ಕರಾರು ಹಾಕಿದಳು.

"ಆಯ್ತು, ಮಾಡ್ಲಿ. ಆದ್ರೆ ಹೂಮಳೆ ದಿನ ಒಂಬತ್ತು ಗಂಟೆಗೆ ಇವಳ ಡಬ್ಬದಿಂದ ಪಟ್ಟಿ ಬರ್ಲಿಲ್ಲ ಅಂದ್ರೆ ಪಟ್ಟಿ ವಾಪಸ್ ನನ್ ಪುಸ್ತಕಕ್ಕೆ. ಆಮೇಲೆ ಯಾರೂ ಉಸಿರೆತ್ತಬಾರ್ದು."

ಡೀಮನ್ ಎಂದರೆ ಪರದೆಯ ಮೇಲೆ ಮುಖ ತೋರಿಸದೆ ಕಂಪ್ಯೂಟರಿನೊಳಗೆ ಸದಾ ಕಾದು ಕೂತಿರುವ ಪ್ರೋಗ್ರಾಂ. ನೆಟ್‌ವರ್ಕಿನಿಂದ ಯಾರಾದರೂ ಬಂದು ಮಾತಾಡಿಸಿದರೆ ಕೇಳಿಸಿಕೊಂಡು ಉತ್ತರ ಕೊಡುವುದಷ್ಟೇ ಅದರ ಕೆಲಸ. ಬರೆಯುವುದು ಕಷ್ಟವಲ್ಲ. ಐವತ್ತೆಂಟು ಜನ ಒಟ್ಟಿಗೆ ಬಂದಾಗ ಯಾರ ಮಾತನ್ನು ಹೇಗೆ ಕೇಳಬೇಕು ಎಂದು ಮೊದಲೇ ನಿರ್ಧರಿಸುವುದು ಕಷ್ಟ. ಇದು ನನಗೆ ಪುಸ್ತಕ ಓದಿ ಗೊತ್ತಿತ್ತು. ಪುಸ್ತಕ ಓದಿ ಗೊತ್ತಿರುವುದು ಎಷ್ಟು ಪ್ರಯೋಜನಕ್ಕೆ ಬರುತ್ತದೆಂದು ಆ ಚಳಿಗಾಲದಲ್ಲಿ ತಿಳಿಯಿತು.

ಮೊದಲು ಸುಲಭದ ದಾರಿ ಹಿಡಿದೆ. ಒಬ್ಬರು ಬಂದರೆ ಅವರದು ಮುಗಿಯುವವರೆಗೆ ಕೇಳುವುದು, ಆಮೇಲೆ ಮುಂದಿನವರು. ನವೆಂಬರಿನ ಒಂದು ಮಳೆಯ ಮರುದಿನ ಪರೀಕ್ಷೆಗೆ ಇಟ್ಟೆ. ಗುಡ್ಡದ ಮೇಲಿನ ನಿವೃತ್ತ ಮೇಷ್ಟ್ರೊಬ್ಬರು ತಾವೇ ಮೊದಲಿಗರಾಗಬೇಕೆಂದು ಏಳು ಐವತ್ತೆಂಟಕ್ಕೇ ಫೋನಿನಲ್ಲಿ ನಾನು ಹಾಕಿಕೊಟ್ಟಿದ್ದ ಆ್ಯಪ್ ತೆರೆದರು. ತೆರೆದ ಮೇಲೆ ಮಳೆಮಾಪಕ ನೋಡಿಲ್ಲವೆಂದು ನೆನಪಾಯಿತು. ಕೊಡೆ ಹುಡುಕಿದರು. ಅಳತೆಯ ಗ್ಲಾಸು ಸಿಗಲಿಲ್ಲ. ಅದರಲ್ಲಿ ಮನೆಯವರು ತಲೆಗೆ ಹಚ್ಚುವ ಎಣ್ಣೆ ತುಂಬಿಟ್ಟಿದ್ದರು. ಎಣ್ಣೆ ಸುರಿದು, ಸೀಗೆಪುಡಿ ಹಾಕಿ ತೊಳೆದು, ಮಧ್ಯೆ ಒಂದು ಲೋಟ ಕಾಫಿ ಕುಡಿದು, ಅಳೆದು, ಮರಳಿ ಬಂದು ನಲವತ್ತೊಂದು ಎಂದು ಒತ್ತುವಾಗ ಎಂಟೂ ಮುಕ್ಕಾಲು. ಅಷ್ಟು ಹೊತ್ತೂ ನನ್ನ ಡೀಮನ್ ಅವರೊಬ್ಬರ ಮುಂದೆಯೇ ಪೆನ್ನು ಹಿಡಿದು ನಿಂತಿತ್ತು. ಉಳಿದವರೆಲ್ಲ ಹೊರಗೆ ನಿಂತು ನನಗೆ ಫೋನ್ ಮಾಡಿ ಬೈಯುತ್ತಿದ್ದರು.

ಎರಡನೆಯದು, ಬಂದವರಿಗೆ ಒಬ್ಬೊಬ್ಬ ಗುಮಾಸ್ತ. ಈ ಗುಮಾಸ್ತರಿಗೆ ನಮ್ಮ ಕಸುಬಿನಲ್ಲಿ ಥ್ರೆಡ್ ಎನ್ನುತ್ತಾರೆ. ಮೇಷ್ಟ್ರು ಎಣ್ಣೆ ತೊಳೆದುಕೊಂಡಿರಲಿ, ಅವರ ಗುಮಾಸ್ತ ಕಾಯುತ್ತಾನೆ, ಉಳಿದವರ ಕೆಲಸ ನಡೆಯುತ್ತದೆ. ಒಳ್ಳೆಯ ಉಪಾಯವೇ. ಆದರೆ ನಾನು ಅತಿಬುದ್ಧಿ ಉಪಯೋಗಿಸಿ ಪ್ರತಿ ಗುಮಾಸ್ತನ ಕೈಯಲ್ಲೂ ಸ್ಕ್ಯಾನ್ ಮಾಡಿಟ್ಟಿದ್ದ ಹಳೆಯ ಮಳೆಪುಸ್ತಕದ ಒಂದೊಂದು ಪೂರ್ತಿ ಪ್ರತಿ ಇಟ್ಟಿದ್ದೆ. ನನ್ನ ಸರ್ವರ್ ಎಂದರೆ ರಿಪೇರಿಗೆ ಕೊಟ್ಟವರು ವಾಪಸ್ ಒಯ್ಯದೆ ಬಿಟ್ಟುಹೋದ ಒಂದು ಮುದಿ ಕಂಪ್ಯೂಟರ್. ನಲವತ್ತಮೂರನೆಯ ಗುಮಾಸ್ತ ಬರುವಾಗ ಅದರ ಫ್ಯಾನು ತೆಂಗಿನಕಾಯಿ ರುಬ್ಬುವ ಮಿಕ್ಸಿಯಂತೆ ಅರಚಿತು. ನಲವತ್ತನಾಲ್ಕನೆಯವನು ಬಂದ, ಪರದೆ ಕಲ್ಲಾಯಿತು.

ಆ ಪರೀಕ್ಷೆ ನಡೆದದ್ದು ಡಿಸೆಂಬರಿನ ಒಣ ಬಿಸಿಲಿನಲ್ಲಿ. ಮಳೆ ಇಲ್ಲದಿದ್ದರೂ ಸುಮ್ಮನೆ ಸೊನ್ನೆ ಕಳಿಸಿ ಎಂದು ಎಲ್ಲರಿಗೂ ಹೇಳಿದ್ದೆ. ಸೊನ್ನೆ ಒತ್ತಲು ಯಾರಿಗೂ ಮನಸ್ಸು ಬರಲಿಲ್ಲ. ಹತ್ತು ಹನ್ನೆರಡು ಜನ ಐದು ಸೆಂಟ್ ಕಳಿಸಿದ್ದರು. ಬೇಲಿಯಾಚೆಯವರು ಐದು ಕಳಿಸಿದ್ದಾರೆಂದು ತಿಳಿದು ಒಬ್ಬರು ಏಳು ಕಳಿಸಿದ್ದರು. ಇವರೆಲ್ಲ ಇಷ್ಟೇ ಎಂದು ನಕ್ಕು ಸುಮ್ಮನಾದೆ. ಅಲ್ಲಿಯೇ ನಾನು ಸ್ವಲ್ಪ ಯೋಚಿಸಬೇಕಿತ್ತು.

ಮೂರನೆಯ ಉಪಾಯದಲ್ಲಿ ಗುಮಾಸ್ತ ಒಬ್ಬನೇ, ಆದರೆ ಅವನು ನಿಲ್ಲುವುದಿಲ್ಲ. ಎಲ್ಲರ ಬಳಿಗೂ ಓಡುತ್ತಾ "ಆಯ್ತಾ? ಆಯ್ತಾ? ನಿಮ್ಮದಾಯ್ತಾ?" ಎಂದು ಕೇಳುತ್ತಲೇ ಇರುತ್ತಾನೆ. ಯಾರೂ ಏನೂ ಹೇಳದಿದ್ದರೂ ಸೆಕೆಂಡಿಗೆ ಸಾವಿರಾರು ಸಲ ಕೇಳುತ್ತಾನೆ. ಕೆಲಸವೇನೋ ಆಯಿತು. ಆದರೆ ಕಂಪ್ಯೂಟರ್ ಎಷ್ಟು ಬಿಸಿಯಾಯಿತೆಂದರೆ ಅಂಗಡಿಯ ಬೆಕ್ಕು ಅದರ ಮೇಲೆ ಹತ್ತಿ ಮಲಗಿತು, ಹಗಲಿಡೀ ಇಳಿಯಲಿಲ್ಲ. ಈ ಪ್ರೋಗ್ರಾಮಿನಿಂದ ಪೂರ್ಣ ತೃಪ್ತಿ ಪಡೆದದ್ದು ಅದೊಂದೇ. ಕರೆಂಟ್ ಹೋದಾಗ ಯುಪಿಎಸ್ ಹದಿನೈದು ನಿಮಿಷವೂ ಬಾಳಲಿಲ್ಲ. ಹೂಮಳೆಯ ಮರುದಿನ ನಮ್ಮಲ್ಲಿ ಕರೆಂಟ್ ಇರುವುದು ಅಪರೂಪ.

ತಲೆ ಕೆಟ್ಟು ಒಂದು ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ಸೋತೆನೆಂದು ಹೇಳಲು ಅಲ್ಲ, ಅಕ್ಕಿರೊಟ್ಟಿ ತಿನ್ನಲು. ಅಡುಗೆಮನೆಯ ಗೋಡೆಯಲ್ಲಿ ಸತ್ತ ಲ್ಯಾಂಡ್‌ಲೈನ್ ಇನ್ನೂ ಇತ್ತು, ಅದಕ್ಕೆ ಕ್ರೋಷಾ ಹೊದಿಕೆ ಬೇರೆ. ಅದನ್ನು ನೋಡಿದ ಕೂಡಲೇ ನಾನು ಚಿಕ್ಕವಳಿದ್ದಾಗಿನ ಎಂಟು ಗಂಟೆಗಳು ನೆನಪಾದವು. ಫೋನಿನ ಮೇಲೆ ಫೋನು. ಈಕೆ ಒಂದು ಕೈಯಲ್ಲಿ ರೊಟ್ಟಿ ತಟ್ಟುತ್ತಾ ಎಂಟೂವರೆಯೊಳಗೆ ಎಲ್ಲ ಮನೆಯ ಮಳೆಯನ್ನೂ ಬರೆದು ಮುಗಿಸುತ್ತಿದ್ದಳು.

"ಚಿಕ್ಕಮ್ಮಾ, ಅಷ್ಟು ಜನ ಒಟ್ಟಿಗೆ ಫೋನ್ ಮಾಡಿದ್ರೆ ಹೇಗೆ ಸುಧಾರಿಸ್ತಿದ್ದೆ?"

"ಹೇಗೆ ಅಂದ್ರೆ? ನಾನೇನು ಎಲ್ರ ಮನೆಗೂ ಫೋನ್ ಹಾಕಿ ಆಯ್ತಾ ಆಯ್ತಾ ಅಂತಿದ್ನಾ? ಗಂಟೆ ಹೊಡೀತು, ಎತ್ತಿದೆ. ಎಷ್ಟು ಅಂದೆ, ಬರ್ಕೊಂಡೆ, ಇಟ್ಟೆ. ಗಂಟೆ ಹೊಡೀಲಿಲ್ಲ ಅಂದ್ರೆ ನನ್ ಪಾಡಿಗೆ ರೊಟ್ಟಿ ತಟ್ತಿದ್ದೆ."

"ಯಾರಾದ್ರೂ ಮಾತಿಗೆ ನಿಂತ್ರೆ?"

"ಮಂಡಿನೋವು, ಮಗಳ ಮದ್ವೆ, ಹಂದಿ ಬೇಲಿ ಮುರ್ದಿದ್ದು, ಎಲ್ಲಾನೂ ಒಂದ್ ಚೀಟೀಲಿ ಬರ್ದು ಅಕ್ಕಿ ಡಬ್ಬದ ಕೆಳಗೆ ಇಡ್ತಿದ್ದೆ. ಸಾಯಂಕಾಲ ಒಂದೊಂದೇ ಚೀಟಿ ತೆಗ್ದು ನಾನೇ ಫೋನ್ ಮಾಡ್ತಿದ್ದೆ. ಬೆಳಿಗ್ಗೆ ಎಂಟು ಗಂಟೆಗೆ ಮಂಡಿನೋವು ಕೇಳ್ತಾ ಕೂತ್ರೆ ಪಟ್ಟಿ ಆಗುತ್ತೇನೇ?"

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ನಮ್ಮ ಕಸುಬಿನಲ್ಲಿ ಇದಕ್ಕೆ ಈವೆಂಟ್ ಲೂಪ್ ಎನ್ನುತ್ತಾರೆ. ಯಾರ ಮುಂದೆಯೂ ನಿಲ್ಲಬೇಡ, ಯಾರನ್ನೂ ಓಡಿ ಕೇಳಬೇಡ. ಮಾತು ಬಂದಾಗ ಎಬ್ಬಿಸು ಎಂದು ಕಂಪ್ಯೂಟರಿಗೆ ಹೇಳಿ ಮಲಗು. ಎದ್ದಾಗ ಚಿಕ್ಕ ಕೆಲಸ ಮಾಡಿ ಮುಗಿಸು, ದೊಡ್ಡದನ್ನು ಚೀಟಿ ಬರೆದು ಆಮೇಲೆಗೆ ಇಡು. ಮೂರು ತಿಂಗಳು ನಾನು ಯಾರನ್ನು ಬದಲಿಸಲು ಒದ್ದಾಡುತ್ತಿದ್ದೆನೋ ಆಕೆಯೇ ಒಲೆಯ ಮುಂದೆ ಕೂತು ನನಗೆ ಬೇಕಾದದ್ದನ್ನು ಹೇಳುತ್ತಿದ್ದಳು. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಅಷ್ಟೇನಾ? ಇನ್ನೇನಾದ್ರೂ ಇದ್ಯಾ?" ಎಂದೆ.

"ಅಷ್ಟೇ," ಎಂದು ಚಿಕ್ಕಮ್ಮ ರೊಟ್ಟಿ ಮಗುಚಲು ಆಚೆ ತಿರುಗಿದಳು. ಅದು ಆಗಲೇ ಎರಡೂ ಕಡೆ ಬೆಂದ ರೊಟ್ಟಿ. ಆಗಲೂ ನನಗೆ ಅನುಮಾನ ಬರಲಿಲ್ಲ.

ನಾಲ್ಕನೆಯ ಡೀಮನ್ ಬರೆದೆ. ಫ್ಯಾನು ತಿರುಗಿದ್ದೇ ಗೊತ್ತಾಗದಷ್ಟು ತಣ್ಣಗೆ ಓಡಿತು, ಬೆಕ್ಕು ಬೇಸರಪಟ್ಟು ಪಕ್ಕದ ಬೇಕರಿಗೆ ಹೋಯಿತು. ಖುಷಿಯಲ್ಲಿ ನಾನು ಒಂದು ಹೊಸ ಸೊಗಸನ್ನೂ ಸೇರಿಸಿದೆ. ಆ್ಯಪ್ ತೆರೆದ ಕೂಡಲೇ ಯಾರ ಮನೆಗೆ ಎಷ್ಟು ಮಳೆ ಎಂಬ ಪಟ್ಟಿ ಎಲ್ಲರಿಗೂ ಆಗಿಂದಾಗಲೇ ಕಾಣುತ್ತದೆ. ಚಿಕ್ಕಮ್ಮನ ಕಾಲದಲ್ಲಿ ಈ ಸೌಕರ್ಯ ಇರಲಿಲ್ಲ ಎಂದು ಬೀಗಿದೆ.

ಮಾರ್ಚಿನ ಒಂದು ಸಂಜೆ ಗುಡುಗಿ ಮಳೆ ಬಂತು. ಮರುದಿನ ಏಳೂವರೆಗೇ ಅಂಗಡಿ ತೆರೆದೆ. ಚಿಕ್ಕಪ್ಪ ಅಂಗಡಿಯ ಹಿಂದಿನ ಶೆಡ್ಡಿನಿಂದ ಪೈಪುಗಳನ್ನು ಹೊರಗೆ ತಂದು ಪಿಕಪ್‌ನ ಪಕ್ಕದಲ್ಲಿ ಸಾಲಾಗಿ ಇಟ್ಟು, ಒಂದರ ಮೇಲೆ ತಾವೇ ಕೂತರು. ಎಂಟು ಹೊಡೆಯಿತು. ಒಂದೊಂದೇ ಮನೆ ಬಂದು ಸೇರಿತು. ಎಂಟು ಹತ್ತಕ್ಕೆ ನನ್ನ ಪರದೆಯಲ್ಲಿ ಐವತ್ತೇಳು ಹಸಿರು ಚುಕ್ಕೆಗಳು. ಚಿಕ್ಕಮ್ಮನೊಬ್ಬಳನ್ನು ಬಿಟ್ಟು ಎಲ್ಲರೂ ಹಾಜರು. ಡೀಮನ್ ತಣ್ಣಗೆ ಕಾಯುತ್ತಿತ್ತು.

ಒಬ್ಬರೂ ಮಳೆ ಕಳಿಸಲಿಲ್ಲ.

ಎಂಟೂಕಾಲು. ಎಂಟು ಇಪ್ಪತ್ತು. ಐವತ್ತೇಳು ಹಸಿರು ಚುಕ್ಕೆ, ಪಟ್ಟಿ ಖಾಲಿ. ಸಾಲು ಸಾಲಾಗಿ ಪ್ರೋಗ್ರಾಂ ಓದಿದೆ, ಒಂದು ತಪ್ಪೂ ಇಲ್ಲ. ಕೊನೆಗೆ ಮೇಷ್ಟ್ರಿಗೆ ಫೋನ್ ಹಚ್ಚಿದೆ.

"ಸರ್, ಕಳಿಸೋಕೆ ಆಗ್ತಾ ಇಲ್ವಾ?"

"ಆಗ್ತದಮ್ಮಾ, ಬಹಳ ಚೆನ್ನಾಗಿದೆ ನಿನ್ನ ಆ್ಯಪು. ಕೆಳಗಿನ ಮನೆಯವರದ್ದು ಎಷ್ಟು ಬಂತು ಅಂತ ನೋಡ್ಕೊಂಡು ಹಾಕುವ ಅಂತ ಕೂತಿದ್ದೇನೆ."

ಕೆಳಗಿನ ಮನೆಯವರಿಗೆ ಫೋನ್ ಮಾಡಿದೆ. ಅವರು ಮೇಷ್ಟ್ರದ್ದು ನೋಡಲು ಕಾಯುತ್ತಿದ್ದರು. ಐವತ್ತೇಳು ಮನೆಯವರೂ ಫೋನು ಕೈಯಲ್ಲಿ ಹಿಡಿದು, ಬೇಲಿಯಾಚೆಯವರ ಅಂಕಿ ಕಂಡ ಮೇಲೆ ಅದಕ್ಕಿಂತ ಎರಡು ಸೆಂಟ್ ಹೆಚ್ಚು ಒತ್ತೋಣವೆಂದು, ನಾನೇ ಕೊಟ್ಟ ಖಾಲಿ ಪಟ್ಟಿಯನ್ನು ನೋಡುತ್ತಾ ಕೂತಿದ್ದರು. ಎಲ್ಲರಿಗಿಂತ ತಾಳ್ಮೆಯಿಂದ ಕಾಯಬಲ್ಲ ಡೀಮನ್ ನಾನು ಬರೆದಿದ್ದೆ, ಅವರು ಅದಕ್ಕಿಂತ ತಾಳ್ಮೆಯವರು. ಅಳು ಬಂತು ನನಗೆ, ನಿಜವಾಗಿ.

ಅಷ್ಟರಲ್ಲಿ ಚಿಕ್ಕಮ್ಮ ಜೀಪಿನಿಂದ ಇಳಿದಳು. ಮನೆಯಲ್ಲಿ ಸಿಗ್ನಲ್ ಇಲ್ಲವಲ್ಲ, ತನ್ನ ಮಳೆಯನ್ನು ಅಂಗಡಿಗೇ ಬಂದು ಕಳಿಸಬೇಕು. ಒಂದು ಕೈಯಲ್ಲಿ ಸೊಸೆಯ ಫೋನು, ಕಂಕುಳಲ್ಲಿ ಹಳೆಯ ಮಳೆಪುಸ್ತಕ. ಪರದೆ ನೋಡಿ ಒಂದೇ ಕ್ಷಣದಲ್ಲಿ ವಿಷಯ ತಿಳಿದುಕೊಂಡಳು. ಸೆರಗು ಬಾಯಿಗೆ ಹಿಡಿದು, ಮೈ ಕುಲುಕಿಸಿ ನಕ್ಕಳು.

"ಎಂಟು ಮೂವತ್ತೆಂಟು," ಎಂದಳು ಗಡಿಯಾರ ನೋಡಿ. ಗೆಲ್ಲಲು ಆಕೆ ಇನ್ನು ಇಪ್ಪತ್ತೆರಡು ನಿಮಿಷ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು.

ಹೊರಗೆ ಪೈಪಿನ ಮೇಲೆ ಕೂತಿದ್ದ ಚಿಕ್ಕಪ್ಪ ಒಳಗೆ ಇಣುಕಿದರು. "ಪಟ್ಟಿ ಬರಲ್ವಾ? ಬಿಸಿಲೇರ್ತಾ ಇದೆ. ಯಾರ್ದಾದ್ರೂ ತೋಟ ಹಾಳಾಗುತ್ತಲ್ಲಮ್ಮಾ, ಪಾಪ."

ಚಿಕ್ಕಮ್ಮನ ನಗು ನಿಂತಿತು. ಗಂಡನ ಮುಖವನ್ನೂ ಕೈಯಲ್ಲಿದ್ದ ಫೋನನ್ನೂ ನೋಡಿದಳು. ಆಮೇಲೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ತಗ್ಗಿದ ದನಿಯಲ್ಲಿ ಹೇಳಿದಳು.

"ತನ್ನದು ಹೇಳೋ ತನಕ ಯಾರಿಗೂ ಇನ್ನೊಬ್ರದ್ದು ತೋರಿಸ್ಬಾರ್ದು ಕಣೇ. ನಾನು ಪ್ರಾಣ ಹೋದ್ರೂ ಹೇಳ್ತಿರ್ಲಿಲ್ಲ. ಮೊದ್ಲು ನಿಮ್ದು ಹೇಳಿ, ಅಷ್ಟೇ. ಆ ಆ ಅಂತ ಎಳೆದ್ರೆ ಇಪ್ಪತ್ತು ಎಣಿಸಿ ಫೋನ್ ಇಟ್ಬಿಡ್ತಿದ್ದೆ. ಮತ್ತೆ ಮಾಡ್ಲಿ."

"ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ?"

"ಈಗ ಹೇಳಿದ್ನಲ್ಲ. ಮಾಡು."

ಪಟ್ಟಿಯನ್ನು ಮುಚ್ಚಿದೆ. ತೆರೆದು ಇಪ್ಪತ್ತು ಸೆಕೆಂಡಿನೊಳಗೆ ಅಂಕಿ ಕಳಿಸದಿದ್ದರೆ ಹೊರಗೆ ಹಾಕುವ ಟೈಮ್‌ಔಟ್ ಸೇರಿಸಿದೆ. ನಾಲ್ಕೇ ಸಾಲು. ಡೀಮನ್ ಮತ್ತೆ ಶುರು ಮಾಡಿದಾಗ ಎಂಟು ನಲವತ್ತೇಳು. ಚುಕ್ಕೆಗಳು ಹತ್ತಿದವು, ಆರಿದವು, ಗಾಬರಿಯಿಂದ ಮತ್ತೆ ಹತ್ತಿದವು. ಆಮೇಲೆ ಅಂಕಿಗಳು ದಬದಬನೆ ಬೀಳತೊಡಗಿದವು. ಎಂಬತ್ತಾರು, ನೂರಾ ನಾಲ್ಕು, ಎಪ್ಪತ್ತು, ಐವತ್ತೊಂಬತ್ತು. ಬೇಲಿಯಾಚೆಯವರ ಅಂಕಿ ಕಾಣದ ಕಾರಣ ಎಲ್ಲರೂ ಬೇರೆ ದಾರಿಯಿಲ್ಲದೆ ನಿಜವನ್ನೇ ಹೇಳುತ್ತಿದ್ದರು. ಎಂಟು ಐವತ್ತೆರಡಕ್ಕೆ ಐವತ್ತೇಳು ಮನೆ ಮುಗಿದವು. ಕಳಿಸಿ ಮುಗಿಸಿದವರಿಗೆ ಮಾತ್ರ ಉಳಿದವರದು ಕಾಣುವಂತೆ ಮಾಡಿದ್ದೆ. ನನ್ನ ಪರದೆಯನ್ನೂ ಚಿಕ್ಕಮ್ಮನಿಗೆ ಕಾಣದಂತೆ ಆಚೆ ತಿರುಗಿಸಿದೆ.

ಉಳಿದದ್ದು ಅವಳೊಬ್ಬಳದು.

ಚಿಕ್ಕಮ್ಮ ಆ್ಯಪ್ ತೆರೆದು ಬೆರಳು ಎತ್ತಿದಳು. ಇಪ್ಪತ್ತು ಸೆಕೆಂಡ್ ಕಳೆಯಿತು, ಡೀಮನ್ ಹೊರಗೆ ಹಾಕಿತು. ಮತ್ತೆ ತೆರೆದಳು. ಮತ್ತೆ ಹೊರಗೆ. "ಆಚೆ ಮನೆಯವರದ್ದು ಎಷ್ಟು ಬಂತೇ?" ಎಂದು ನನ್ನನ್ನು ಕೇಳಿದಳು.

ಆಗ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಇಷ್ಟು ವರ್ಷ ಎಲ್ಲರ ಅಂಕಿಯನ್ನೂ ಕೇಳಿದ ಮೇಲೆ ತನ್ನದನ್ನು ಬರೆಯಲು ಸಾಧ್ಯವಿದ್ದದ್ದು ಊರಿನಲ್ಲಿ ಅವಳೊಬ್ಬಳಿಗೇ. ಪುಸ್ತಕ ತೆಗೆದು ನೋಡಿದೆ. ಪ್ರತಿ ಹೂಮಳೆಯಲ್ಲೂ ಬೇಲಿಯಾಚೆಯವರಿಗಿಂತ ಚಿಕ್ಕಮ್ಮನಿಗೆ ಸರಿಯಾಗಿ ಎರಡು ಸೆಂಟ್ ಹೆಚ್ಚು. ಅವಳ ಮಳೆಮಾಪಕವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಗಂಡ ಕೂಡ.

"ಮೊದ್ಲು ನಿಂದು ಹೇಳು ಚಿಕ್ಕಮ್ಮ," ಎಂದೆ.

ನನ್ನನ್ನು ನುಂಗುವಂತೆ ನೋಡಿದಳು. ಮೂರನೆಯ ಸಲವೂ ಹೊರಗೆ ಬಿದ್ದಳು. ನಾಲ್ಕನೆಯ ಸಲ ತೆರೆದು, ಕಣ್ಣು ಮುಚ್ಚಿ, ಎರಡು ಸಲ ಒತ್ತಿದಳು. ಇಪ್ಪತ್ತೆರಡು.

ಪರದೆಯನ್ನು ಈಚೆ ತಿರುಗಿಸಿದೆ. ಬೇಲಿಯಾಚೆಯವರದು ಅರವತ್ತೊಂದು. ಐವತ್ತೆಂಟು ಮನೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಚಿಕ್ಕಮ್ಮನದು. ಗಡಿಯಾರದಲ್ಲಿ ಒಂಬತ್ತಕ್ಕೆ ಎರಡು ನಿಮಿಷವಿತ್ತು.

"ಮೊದ್ಲು ಯಾರ ತೋಟ?" ಎಂದು ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತರು. ಕನ್ನಡಕ ಹಾಕಿಕೊಂಡು ಪಟ್ಟಿಯ ತಲೆಯಲ್ಲಿದ್ದ ಹೆಸರನ್ನು ಓದಿದರು, ಇನ್ನೊಮ್ಮೆ ಓದಿದರು. ಹೆಂಡತಿಯ ಕಡೆ ತಿರುಗಿದರು.

"ಪ್ರತಿ ವರ್ಷ ನೆಲ ಕೆರೆದು ನೋಡ್ತಿದ್ದೆ ಕಣೇ. ಎರಡು ಬೆರಳು ಕೆಳಗೆ ಒಣ ಮಣ್ಣು. ಪುಸ್ತಕದಲ್ಲಿ ನೀನು ಒಂದಿಂಚು ಅಂತ ಬರೆದಿರ್ತಿದ್ದೆ. ನಾನು ಮಣ್ಣನ್ನೇ ಅನುಮಾನಿಸ್ದೆ."

ಬೈಯಲಿಲ್ಲ. ಬೈದಿದ್ದರೆ ಚಿಕ್ಕಮ್ಮ ಎದುರು ಮಾತಾಡಿ ಗೆದ್ದುಬಿಡುತ್ತಿದ್ದಳು. ಅವರು ಹೊರಗೆ ಹೋಗಿ ಪೈಪು ಹೇರತೊಡಗಿದರು. ಚಿಕ್ಕಮ್ಮ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊರಗೆ ಹೋಗಿ ಪೈಪಿನ ಇನ್ನೊಂದು ತುದಿ ಹಿಡಿದಳು.

ಒಂಬತ್ತನೆಯ ದಿನ ನಾನು ಹೋದಾಗ ಮೂರು ಎಕರೆಯೂ ಬೆಳ್ಳಗಾಗಿತ್ತು. ಘಮ ರಸ್ತೆಯವರೆಗೆ ಬರುತ್ತಿತ್ತು. ಚಿಕ್ಕಪ್ಪ ಗಿಡದ ಸಾಲಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆಳಿಗ್ಗೆಯಿಂದ ಹಾಗೇ ಕೂತಿದ್ದಾರೆ, ತಿಂಡಿಯನ್ನೂ ಅಲ್ಲಿಗೇ ತರಿಸಿಕೊಂಡರು ಎಂದು ಸೊಸೆ ಹೇಳಿದಳು. ಬೇಲಿಯಾಚೆಯ ಮನೆಯಾಕೆ ಬೇಲಿಯ ಬಳಿ ನಿಂತು ಬೆರಗಾಗಿ ನೋಡುತ್ತಿದ್ದರು.

"ಏನ್ರೀ ಇದು, ಈ ಪಾಟಿ ಹೂವು! ನಿಜವಾಗ್ಲೂ ಎಷ್ಟು ಸೆಂಟ್ ಬಂತು ನಿಮ್ಗೆ?"

ಚಿಕ್ಕಮ್ಮ ಒಂದು ಕ್ಷಣವೂ ಕಾಯದೆ ಎದೆಯುಬ್ಬಿಸಿ ಹೇಳಿದಳು.

"ನಮ್ಗೆ ಬರೀ ಇಪ್ಪತ್ತೆರಡು. ಬಾಕಿದೆಲ್ಲ ನಮ್ ಯಜಮಾನ್ರು ಸುರಿಸಿದ್ದು."